ಮರವಜ್ರದ ರುಚಿ

“ಈ ಪಟ್ಟೀನ ಬಾಯಿಗೆ ಮಾತ್ರ ಇಡಬೇಡಪ್ಪ,” ಎಂದರು ಕಾರ್ಖಾನೆಯ ಯಜಮಾನರು. “ಸ್ಪಂಜಿದೆ, ನೀರಿದೆ, ಅದರಲ್ಲಿ ಒದ್ದೆ ಮಾಡ್ಕೊ. ನಾಲಿಗೆ ತಾಗಿಸಿದವರು ಯಾರೂ ನೆಟ್ಟಗಾಗಿಲ್ಲ.”

ಅವರು ತಗಡಿನ ಡಬ್ಬಿಯಿಂದ ತೆಗೆದು ಮೇಜಿನ ಮೇಲಿಟ್ಟದ್ದು ಒಂದು ಕಾಗದದ ಸುರುಳಿ, ಅಷ್ಟೇ. ಎರಡು ಬೆರಳಗಲದ ಕಂದು ಪಟ್ಟಿ, ಅದರ ಒಂದು ಮೈಗೆ ಒಣಗಿ ಹೊಳೆಯುವ ಅಂಟು. ಇದಕ್ಕೆ ಹೆದರಬೇಕಾದರೆ ಅಂಚೆ ಲಕೋಟೆ ಕಂಡರೂ ಕಾಲಿಗೆ ಬುದ್ಧಿ ಹೇಳಬೇಕು. ಜೋಡಿಗೆ ನಗು ತಡೆಯಲಾಗಲಿಲ್ಲ.

ಜೋಡಿ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಸುಬು ಕೊಟ್ಟದ್ದು. ಹೇಳಿ ಮಾಡಿಸುವ ಸ್ಪೀಕರ್ ಪೆಟ್ಟಿಗೆಗಳ ಕೆಲಸ ಅವನದು. ಒಳಗಡೆ ದಪ್ಪ ಹಲಗೆ, ಹೊರಮೈಗೆ ಒಳ್ಳೆಯ ಮರದ ತೆಳು ಹಾಳೆ, ಅಂದರೆ ವೆನೀರ್. ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಸೀಳಿದ ಎರಡು ಹಾಳೆಗಳನ್ನು ಪುಸ್ತಕ ಬಿಡಿಸಿದಂತೆ ಅಕ್ಕಪಕ್ಕ ಇಟ್ಟರೆ, ಎಡಗಡೆಯ ಗೆರೆಗೆ ಬಲಗಡೆಯ ಗೆರೆ ಕನ್ನಡಿ ಹಿಡಿದಂತೆ ನಿಲ್ಲುತ್ತದೆ. ಆ ಎರಡು ಹಾಳೆಗಳ ಸಂದು ಕೂದಲೆಳೆಯಷ್ಟೂ ಬಿಡದಂತೆ ಕೂಡಿಸುವುದರಲ್ಲಿ ಇವನನ್ನು ಮೀರಿಸುವವರಿರಲಿಲ್ಲ. ಹಳೆಯ ಕಾರ್ಖಾನೆಯವರು ಅವನನ್ನು ಜೋಡಿ ಎಂದು ಕರೆದರು, ಅದೇ ನಿಂತಿತು.

ಸಂದು ಕೂಡಿಸಲು ಬೇಕಾದದ್ದೇ ಈ ಪಟ್ಟಿ. ಒದ್ದೆ ಮಾಡಿ ಸಂದಿನ ಮೇಲೆ ಹಚ್ಚಿದರೆ ಒಣಗುತ್ತಾ ಬಿಗಿಯುತ್ತದೆ, ಎರಡೂ ಹಾಳೆಗಳನ್ನು ಒಟ್ಟಿಗೆ ಎಳೆದು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಒದ್ದೆ ಮಾಡಿ ಕೆರೆದು ತೆಗೆಯುವುದು. ಪಟ್ಟಿ ಹಚ್ಚುವ ಹೊತ್ತಿಗೆ ಒಂದು ಕೈ ಹಾಳೆಯನ್ನು ಒತ್ತಿ ಹಿಡಿದಿರುತ್ತದೆ, ಇನ್ನೊಂದರಲ್ಲಿ ಚಾಕು. ಸ್ಪಂಜಿಗೆ ಕೈ ಚಾಚುವಷ್ಟರಲ್ಲಿ ಹಾಳೆ ಜರುಗುತ್ತದೆ. ಹಾಗಾಗಿ ಈ ಕಸುಬಿನವರು ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ನಾಲಿಗೆಯಿಂದ ಸವರಿ ಹಚ್ಚಿಬಿಡುತ್ತಾರೆ. ಸ್ಪಂಜು, ಬಟ್ಟಲು ಎಲ್ಲ ಹೊಸದಾಗಿ ಕಲಿಯುವವರಿಗೆ.

“ಯಜಮಾನ್ರೇ, ಹದಿನೆಂಟು ವರ್ಷದಿಂದ ನೆಕ್ತಾ ಇದೀನಿ,” ಎಂದ ಜೋಡಿ. “ಇಷ್ಟೊತ್ತಿಗೆ ನನ್ನ ಕರುಳೆಲ್ಲ ಒಂದಕ್ಕೊಂದು ಅಂಟ್ಕೊಂಡಿರಬೇಕಿತ್ತು.”

“ಬೇರೆ ಪಟ್ಟಿ ಬೇರೆ. ಇದು ಬೇರೆ.”

“ಇದಕ್ಕೆ ಏನು, ಮಾಟ ಮಾಡ್ಸಿದೀರಾ?”

ಯಜಮಾನರು ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. ಆ ಟವೆಲ್ಲಿನ ಬಗ್ಗೆ ಹೇಳಲೇಬೇಕು. ಒಂದು ಕಾಲದಲ್ಲಿ ಬಿಳಿಯಾಗಿದ್ದಿರಬಹುದು, ಈಗ ಒಣಗಿದ ಗಂಜಿ ಮೆತ್ತಿದಂತೆ ಬಿರುಸಾಗಿ ನಿಂತುಕೊಳ್ಳುತ್ತಿತ್ತು. ಅವರ ಪಕ್ಕದಲ್ಲಿ ಯಾವಾಗಲೂ ಬಿಸಿನೀರಿನ ಫ್ಲಾಸ್ಕು. ಕಾಲು ಗಂಟೆಗೊಮ್ಮೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ, ಮುಚ್ಚಳದ ಡಬ್ಬಿಯೊಂದಕ್ಕೆ ಉಗುಳುತ್ತಿದ್ದರು. ಉಗುಳು ಬೀಳುತ್ತಿರಲಿಲ್ಲ, ಜಗ್ಗುತ್ತಿತ್ತು. ತುಟಿಯಿಂದ ಡಬ್ಬಿಯವರೆಗೆ ಹಳದಿ ಎಳೆ, ಅದನ್ನು ಬೆರಳಿನಿಂದ ಕತ್ತರಿಸಬೇಕಿತ್ತು. ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಅದನ್ನು ನೋಡಿ ಜೋಡಿ ತನ್ನ ಬ್ರೆಡ್ಡನ್ನು ಹಾಗೇ ಮಡಿಸಿ ಚೀಲಕ್ಕೆ ಹಾಕಿಕೊಂಡಿದ್ದ. ಮನೆಗೆ ಹೋಗಿ ಹೆಂಡತಿಯ ಎದುರು ಅಭಿನಯಿಸಿಯೂ ತೋರಿಸಿದ್ದ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

“ಇನ್ನೊಂದ್ಸಲ ಹೇಳ್ತೀನಿ,” ಎಂದರು ಯಜಮಾನರು ಟವೆಲ್ಲಿನ ಹಿಂದಿನಿಂದ. “ಬಾಯಿಗೆ ಇಡಬೇಡ. ಅಕ್ಕ, ನೀನೂ ಕೇಳಿಸ್ಕೊಂಡೆ ತಾನೆ, ನಾನು ಹೇಳಿದ್ದು?”

ಮೂಲೆಯಲ್ಲಿ ಕೂತು ಪೆಟ್ಟಿಗೆಗೆ ಪಾಲಿಶ್ ತಿಕ್ಕುತ್ತಿದ್ದ ಹೆಂಗಸು ತಲೆಯಾಡಿಸಿದಳು. ಒಂಬತ್ತು ವರ್ಷದಿಂದ ಅಲ್ಲೇ ಇದ್ದವಳು, ಎಲ್ಲರೂ ಪಾಲಿಶಕ್ಕ ಎನ್ನುತ್ತಿದ್ದರು. “ಹೇಳಿದ್ದು ಕೇಳಪ್ಪ,” ಎಂದಳು ಮೆಲ್ಲಗೆ. “ದೊಡ್ಡವರು ಸುಮ್ಸುಮ್ನೆ ಹೇಳಲ್ಲ.”

ಜೋಡಿಗೆ ಇದೇ ಸಾಕಾಯಿತು. ಅವನ ಸ್ವಭಾವವೇ ಹಾಗೆ, ಬೇಡ ಎಂದ ಕಡೆಗೇ ಮೂಗು ತೂರಿಸುವುದು. ಸುರುಳಿಯಿಂದ ಒಂದು ಗೇಣು ಎಳೆದ. ಇಬ್ಬರಿಗೂ ಕಾಣುವಂತೆ ಮುಖ ಮೇಲೆತ್ತಿ, ನಾಲಿಗೆಯನ್ನು ಪೂರ್ತಿ ಹೊರಚಾಚಿ, ಪಟ್ಟಿಯ ಆ ತುದಿಯಿಂದ ಈ ತುದಿಯವರೆಗೆ ಸಾವಕಾಶವಾಗಿ ನೆಕ್ಕಿದ. ಸಂದಿನ ಮೇಲೆ ಹಚ್ಚಿ ಹೆಬ್ಬೆರಳಿನಿಂದ ಉಜ್ಜಿದ.

“ನೋಡಿ, ಇನ್ನೂ ಉಸಿರಾಡ್ತಾ ಇದೀನಿ,” ಎಂದ.

ಯಜಮಾನರು ಅವನನ್ನು ತಡೆದಿರಲಿಲ್ಲ. ರೆಪ್ಪೆ ಬಡಿಯದೆ ಅವನ ನಾಲಿಗೆಯನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಹಿತ್ತಲಿಗೆ ಹೋದರು. ನಲ್ಲಿ ತಿರುಗಿಸಿದ ಸದ್ದು, ಬಾಯಿ ಮುಕ್ಕಳಿಸಿದ ಸದ್ದು ಕೇಳಿತು. ಅದರ ಹಿಂದೆಯೇ ಒಂಥರಾ ಬಿಕ್ಕು. ಅಳುವೋ ನಗುವೋ ತಿಳಿಯಲಿಲ್ಲ.

ಮೊದಲು ರುಚಿ ಎಂದಿನಂತೆಯೇ ಇತ್ತು, ಸ್ವಲ್ಪ ಸಿಹಿ, ಸ್ವಲ್ಪ ಒಗರು. ಹತ್ತು ನಿಮಿಷದ ಮೇಲೆ ನಾಲಿಗೆಯ ಬುಡದಲ್ಲಿ ಏನೋ ಕದಲಿತು. ನೆನೆದ ತೊಗಲು. ನೆನೆದು, ಕೊಳೆತು, ಕೂದಲು ಉದುರುವ ಹಂತಕ್ಕೆ ಬಂದ ತೊಗಲು, ಅದರ ಒಳಮೈಯ ಕೊಬ್ಬು. ನೀರು ಕುಡಿದ, ನೀರಿಗೂ ಅದೇ ರುಚಿ. ಚಹಾ ಕುಡಿದ, ಚಹಾಕ್ಕೂ ಅದೇ.

ಮಧ್ಯಾಹ್ನ ಊಟದ ಹೊತ್ತಿಗೆ ಯಜಮಾನರು ಎಲ್ಲರ ಜೊತೆ ಬಂದು ಕೂತರು. ಹಾಗೆ ಕೂತದ್ದನ್ನು ಪಾಲಿಶಕ್ಕ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. “ಒಂದು ತುಂಡು ಕೊಡಮ್ಮ,” ಎಂದು ಅವಳ ಮೊಟ್ಟೆಯ ಬ್ರೆಡ್ಡಿನಲ್ಲಿ ಅರ್ಧ ಇಸಿದುಕೊಂಡು, ಕಣ್ಣು ಮುಚ್ಚಿ, ಚಪ್ಪರಿಸಿ ಚಪ್ಪರಿಸಿ ತಿಂದರು. ಗಲ್ಲದ ಮೇಲೆ ಮೊಟ್ಟೆಯ ಹಳದಿ ಬಳಿದುಕೊಂಡಿತ್ತು. ಅದನ್ನೂ ಬೆರಳಲ್ಲಿ ಬಾಚಿ ನೆಕ್ಕಿದರು. ಹೆಗಲ ಮೇಲೆ ಟವೆಲ್ ಇರಲಿಲ್ಲ.

ಅವತ್ತಿನಿಂದ ಜೋಡಿಯ ಬಾಯಿ ಅವನದಾಗಿ ಉಳಿಯಲಿಲ್ಲ.

ಅವರ ಕಾರ್ಖಾನೆಯಲ್ಲಿ ವೆನೀರ್ ಹಚ್ಚುವುದು ಹಳೆಯ ಪದ್ಧತಿಯಲ್ಲೇ, ಮರವಜ್ರದಿಂದ. ತೊಗಲು ಎಲುಬು ಬೇಯಿಸಿ ಮಾಡುವ ಅಂಟು ಅದು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಕರಗುವಾಗ ಅದರ ನಾತ ಬಟ್ಟೆಗೆ, ಕೂದಲಿಗೆ ಹತ್ತುತ್ತದೆ. ಇಷ್ಟು ವರ್ಷ ಆ ನಾತ ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ಮೂರನೆಯ ದಿನ ಅಂಟಿನ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಗೊತ್ತಾಯಿತು. ಪಾತ್ರೆಯಲ್ಲಿದ್ದದ್ದೂ ತನ್ನ ಬಾಯಲ್ಲಿದ್ದದ್ದೂ ಒಂದೇ. ಕರುಳು ಕಿತ್ತು ಬರುವಂತೆ ವಾಂತಿಯಾಯಿತು, ಮರದ ಹೊಟ್ಟಿನ ಮೇಲೆಯೇ. ಅಸಹ್ಯಪಟ್ಟುಕೊಂಡು ಅದರ ಮೇಲೆ ಇನ್ನಷ್ಟು ಹೊಟ್ಟು ಸುರಿದ. ಸಂಜೆ ಗುಡಿಸಲು ಹೋದರೆ ಪೊರಕೆ ಸರಿಯಲಿಲ್ಲ. ವಾಂತಿ ನೆಲಕ್ಕೆ ಕಚ್ಚಿ ಗಾಜಿನಂತೆ ಗಟ್ಟಿಯಾಗಿತ್ತು. ಬೆಳಗಿನ ಅನ್ನದ ಅಗುಳು ಅದರೊಳಗೆ ಹಾಗೇ ಕಾಣುತ್ತಿತ್ತು. ಉಳಿ ಇಟ್ಟು, ಸುತ್ತಿಗೆಯಿಂದ ಬಡಿದು ಎಬ್ಬಿಸಬೇಕಾಯಿತು.

ಅವನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಜನರ ರಕ್ತ, ಮೂತ್ರ, ಕಫ ನೋಡಿ ನೋಡಿ ಅವಳಿಗೆ ಹೇಸಿಗೆ ಎನ್ನುವುದೇ ಸತ್ತುಹೋಗಿತ್ತು. ದೇವರು, ದೆವ್ವ, ಜಾತಕ ಯಾವುದನ್ನೂ ಬಿಡದೆ ಆಡಿಕೊಂಡು ನಗುವವಳು. ಅವರಿಬ್ಬರ ಸ್ನೇಹ ಹುಟ್ಟಿದ್ದೇ ನಗುವಿನಲ್ಲಿ. ಯಾರದೋ ಸಾವಿನ ಮನೆಯಲ್ಲಿ ಭವಿಷ್ಯ ಹೇಳುತ್ತಿದ್ದವನೊಬ್ಬನ ಕುರ್ಚಿ ಮುರಿದಾಗ ಇಬ್ಬರೂ ಒಟ್ಟಿಗೆ ಕಿಸಕ್ಕೆಂದು ಹೊರಗೆ ಓಡಿದ್ದರು. ಹನ್ನೆರಡು ವರ್ಷದ ಸಂಸಾರದಲ್ಲಿ ಜಗಳಗಳೂ ನಗುವಿನಲ್ಲೇ ಮುಗಿದಿದ್ದವು. ಜೋಡಿಯ ಪಾಲಿಗೆ ಮನೆ ಎಂದರೆ ಅವಳ ನಗು.

“ಬಾಯಿ ತೆಗಿ,” ಎಂದು ಟಾರ್ಚು ಬಿಟ್ಟು ನೋಡಿದಳು. ಹತ್ತಿಯ ಕಡ್ಡಿಯಲ್ಲಿ ಒರೆಸಿಕೊಂಡು ಹೋದಳು. ರಕ್ತ ತೆಗೆದಳು. “ನಿನ್ನ ರಿಪೋರ್ಟು ಚೌಕಟ್ಟು ಹಾಕಿಸಿ ಗೋಡೆಗೆ ಹಾಕೋ ಹಾಗಿದೆ ಕಣೋ. ಎಲ್ಲಾ ನಾರ್ಮಲ್ಲು. ಎಂಜಲು ಸ್ವಲ್ಪ ದಪ್ಪ ಆಗಿದೆ. ನೀರು ಕುಡೀತಿಲ್ಲ, ನಿದ್ದೆ ಮಾಡ್ತಿಲ್ಲ, ಅದಕ್ಕೆ.”

ಅವನು ಅವಳಿಗೆ ಪಟ್ಟಿಯ ವಿಷಯ ಹೇಳಲಿಲ್ಲ. ಹೇಳಿದರೆ ನಗುತ್ತಾಳೆ ಎಂದು ನಾಚಿಕೆ. ಮುತ್ತು ಕೊಡಲು ಬಂದರೆ ಮುಖ ತಿರುಗಿಸುತ್ತಿದ್ದ. ಅವಳು ತಟ್ಟೆಗೆ ಬಡಿಸಿದ್ದನ್ನು ಅವಳು ಅತ್ತ ಹೋದಾಗ ಕಾಗದದಲ್ಲಿ ಕಟ್ಟಿ ಬಿಸಾಡುತ್ತಿದ್ದ. ಕಿತ್ತಳೆಯ ತೊಳೆ ಬಾಯಿಗಿಟ್ಟರೆ ಅದು ಸಿಡಿದು ಕೊಳೆತ ಮಜ್ಜೆಯಾಗಿ ಹರಿಯುತ್ತಿತ್ತು. ಹಾಲು ಕೀವಾಗುತ್ತಿತ್ತು. ನುಂಗಿದ್ದು ಗಂಟಲಲ್ಲಿ ಇಳಿಯುವಾಗ ದಾರಿಯುದ್ದಕ್ಕೂ ಮೆತ್ತಿಕೊಳ್ಳುತ್ತಾ ಇಳಿಯುವುದು ತಿಳಿಯುತ್ತಿತ್ತು. ಮೂರು ವಾರದಲ್ಲಿ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು.

ಒಂದು ಬೆಳಿಗ್ಗೆ ಎಚ್ಚರವಾಯಿತು, ಬಾಯಿ ತೆರೆಯಲಿಲ್ಲ.

ಹೆಂಡತಿ ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಅವನು ಕನ್ನಡಿಯ ಮುಂದೆ ನಿಂತ. ಎರಡು ತುಟಿಗಳ ನಡುವೆ ಗೆರೆ ಇತ್ತು. ಗೆರೆ ಮಾತ್ರ ಇತ್ತು. ಸಂದಿಲ್ಲ. ತಾನು ಕೂಡಿಸಿದ ಯಾವ ಹಾಳೆಯೂ ಇಷ್ಟು ಚೆನ್ನಾಗಿ ಕೂಡಿರಲಿಲ್ಲ. ಬೆರಳು ತೂರಿಸಿದ. ಜಾರಿತು. ಉಗುರು ಹಾಕಿದ. ಚರ್ಮ ಎದ್ದಿತು, ತುಟಿ ಬಿಡಲಿಲ್ಲ. ಒಳಗೆ ನಾಲಿಗೆ ಅಂಗುಳಕ್ಕೆ ಹತ್ತಿಕೊಂಡಿತ್ತು. ಕೂಗಿದ. ಕೂಗು ಮೂಗಿನಲ್ಲಿ ಬಂತು. ಮೂಗಿನಲ್ಲೂ ಏನೋ ಕಟ್ಟುತ್ತಿತ್ತು. ಒಂದು ಹೊಳ್ಳೆ ಮುಚ್ಚಿತು. ಇನ್ನೊಂದು ಸಿಳ್ಳೆ ಹಾಕಿತು.

ಪ್ರಾಣಕ್ಕೆ ಬಂದಾಗ ಕಸುಬು ನೆನಪಾಯಿತು. ಮರವಜ್ರ ಬಿಡುವುದು ಎರಡಕ್ಕೇ, ಬಿಸಿ ಮತ್ತು ನೀರು. ಅಡುಗೆಮನೆಗೆ ಓಡಿ ಕೆಟಲ್ ಹಚ್ಚಿದ. ಮೂತಿಯನ್ನು ಹಬೆಗೆ ಒಡ್ಡಿದ. ಸುಟ್ಟಿತು. ಸುಡಲಿ ಎಂದು ಅಲ್ಲೇ ನಿಂತ. ಗೆರೆ ಮೆತ್ತಗಾಯಿತು. ಚಮಚದ ಹಿಡಿ ತೂರಿಸಿದ. ಪಚ್ ಎಂದು ತುಟಿ ಬಿಟ್ಟಿತು. ಹಳದಿ ಎಳೆಗಳು ಜಗ್ಗಿ, ನೇತಾಡಿ, ಎದೆಯ ಮೇಲೆ ಬಿದ್ದವು. ಒಂದು ಗುಟುಕು ಬಿಸಿನೀರು ಹಾಕಿಕೊಂಡು ಮುಕ್ಕಳಿಸಿ ಸಿಂಕಿಗೆ ಉಗುಳಿದ. ಉಗುಳು ಜಗ್ಗಿತು. ಬೆರಳಿನಿಂದ ಕತ್ತರಿಸಿದ.

ಆ ಬೆರಳನ್ನು ನೋಡುತ್ತಾ ಅವನಿಗೆ ಎಲ್ಲ ಹೊಳೆಯಿತು. ಫ್ಲಾಸ್ಕು, ಡಬ್ಬಿ, ಟವೆಲ್.

ಕಾರ್ಖಾನೆಗೆ ಹೋದಾಗ ಯಜಮಾನರು ಒಬ್ಬರೇ ಇದ್ದರು, ಬೋಳಿಸಿದ ಮುಖ, ಒಗೆದ ಅಂಗಿ, ತೊಡೆಯ ಮೇಲೆ ಬಿಸ್ಕತ್ತಿನ ಪೊಟ್ಟಣ. ಇವನನ್ನು ಕಂಡು ಓಡಲಿಲ್ಲ, ಹೆದರಲೂ ಇಲ್ಲ. ಪಕ್ಕದ ಸ್ಟೂಲು ತೋರಿಸಿದರು.

“ಕೂತ್ಕೊ. ಬಿಸಿನೀರು ಬೇಕಾ?”

“ಏನ್ರೀ ಮಾಡಿದ್ರಿ ನನಗೆ?” ಎಂದ ಜೋಡಿ. ಮಾತಿನ ಜೊತೆ ಎಳೆಯೊಂದು ತುಟಿಯಿಂದ ತುಟಿಗೆ ಹೆಣೆದುಕೊಂಡಿತು.

“ನಾನೇನು ಮಾಡಿದೆ? ಬೇಡ ಅಂದೆ. ಎರಡೆರಡು ಸಲ ಅಂದೆ. ಸಾಕ್ಷಿ ಇದೆ.” ಬಿಸ್ಕತ್ತು ಕಚ್ಚಿದರು. ಕಚ್ಚಿಕೊಂಡೇ ಹೇಳಿದರು.

ಹದಿನಾಲ್ಕು ವರ್ಷದ ಹಿಂದೆ ಕಾರ್ಖಾನೆಯ ಹಿತ್ತಲಲ್ಲಿ ಒಬ್ಬ ವಿಧವೆ ಮರವಜ್ರ ಬೇಯಿಸುತ್ತಿದ್ದಳು. ಎಲ್ಲರ ಬಾಯಲ್ಲಿ ಅಂಟಿನಮ್ಮ. ಅವಳ ಮೈ, ಸೀರೆ, ಮಾತು ಎಲ್ಲ ತೊಗಲಿನ ನಾತ. ಆಗ ಇಲ್ಲಿ ಯಜಮಾನರೂ ಸೇರಿ ಐದು ಜನ ಗಂಡಸರು. ಅವಳ ಪಕ್ಕ ಹಾದುಹೋಗುವಾಗ ಮೂಗು ಮುಚ್ಚಿ ಉಗಿಯುವುದು ಅವರಿಗೆ ರೂಢಿಯಾಯಿತು. ಆಮೇಲೆ ಅವಳ ಕೊಪ್ಪರಿಗೆಗೇ ಉಗಿಯಲು ತೊಡಗಿದರು. ಯಾರು ಹೆಚ್ಚು ದೂರದಿಂದ ಗುರಿ ಹೊಡೆಯುತ್ತಾರೆ ಎಂದು ಪಂದ್ಯ. ಅವಳು ಒಂದೇ ಸಲ ಹೇಳಿದಳಂತೆ, “ಉಗೀಬೇಡಿ. ಇದು ನನ್ನ ಅನ್ನ. ಇನ್ನೊಂದ್ಸಲ ಉಗಿದ್ರೆ ನಿಮ್ಮ ಬಾಯಿಗೇ ವಾಪಸ್ ಬರುತ್ತೆ.” ಐವರೂ ನಕ್ಕರು, ಸಾಲಾಗಿ ನಿಂತು ಐವರೂ ಉಗಿದರು.

“ಆ ಅಂಟನ್ನ ಅವಳು ಚೆಲ್ಲಲಿಲ್ಲ,” ಎಂದರು ಯಜಮಾನರು. “ಮೂರು ದಿನ ಕಣ್ಣು ಮುಚ್ಚದೆ ಬೇಯಿಸಿದ್ಲು. ಅವಳ ಕೂದಲು ಹಾಕಿದ್ಲು, ಉಗುರು ಕತ್ತರಿಸಿ ಹಾಕಿದ್ಲು. ಏನೋ ಗೊಣಗ್ತಿದ್ಲು. ನಾವು ಅದಕ್ಕೂ ನಕ್ಕೆವು. ಕಾಗದದ ಪಟ್ಟಿಗೆ ಸವರಿ ಒಣಗಿಸಿ ಸುತ್ತಿ ಮೇಜಿನ ಮೇಲಿಟ್ಟು ಹೋದ್ಲು. ಕೆಲಸಕ್ಕೆ ಒಳ್ಳೇ ಪಟ್ಟಿ. ಐದೂ ಜನ ನೆಕ್ಕಿದ್ವಿ.”

“ಉಳಿದ ನಾಲ್ಕು ಜನ?”

“ಬಾಯಿ ಕಟ್ಟಿ ಹೋದ್ರು. ವರ್ಷದೊಳಗೆ. ಒಬ್ಬನ ಹೆಣ ಸುಡೋ ಮುಂಚೆ ನೀರು ಬಿಡೋಕೆ ಅಂತ ಬಾಯಿ ತೆರೀಲಿಕ್ಕೆ ಹೋದ್ರು, ದವಡೆನೇ ಕೈಗೆ ಬಂತು.” ಅವರು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. “ನನಗೆ ಬಿಸಿನೀರಿನ ಉಪಾಯ ಹೊಳೀತು. ಅವಳನ್ನ ಹುಡುಕ್ಕೊಂಡು ಹೋಗಿ ಕಾಲಿಗೆ ಬಿದ್ದೆ. ಅವಳು ಹೇಳಿದ್ಲು, ಬೇಡ ಅಂತ ಹೇಳು. ಹೇಳಿದ್ದನ್ನ ಕೇಳಿಯೂ ನಕ್ಕು ನಾಲಿಗೆ ಚಾಚೋ ನಿಮ್ಮಂಥವನು ಸಿಕ್ಕಿದ್ರೆ ನಿನ್ನದು ಅವನಿಗೆ ಹೋಗುತ್ತೆ. ಹೇಳದೇ ಕೊಟ್ರೆ ಏನೂ ಆಗಲ್ಲ. ಬಲವಂತ ಮಾಡಿದ್ರೂ ಆಗಲ್ಲ.”

ಹದಿನಾಲ್ಕು ವರ್ಷ ಅವರು ಹೇಳುತ್ತಲೇ ಬಂದಿದ್ದರು. ಬಂದ ಕೆಲಸದವರೆಲ್ಲ ಹೇಳಿದ್ದನ್ನು ಕೇಳುವವರೇ. ಸ್ಪಂಜು ಎಂದರೆ ಸ್ಪಂಜು. ಪಾಲಿಶಕ್ಕನಂತೂ ಆ ಡಬ್ಬಿಯ ಕಡೆ ತಿರುಗಿಯೂ ನೋಡಿರಲಿಲ್ಲ.

“ಎಲ್ಲಾ ಒಳ್ಳೆಯವರೇ ಸಿಕ್ಕಿದ್ರು ನೋಡು, ನನ್ನ ಹಣೆಬರಹ,” ಎಂದರು. “ನಿನ್ನ ಬಗ್ಗೆ ನಿನ್ನ ಹಳೇ ಕಾರ್ಖಾನೆಯವರನ್ನ ಕೇಳಿದ್ದೆ. ಕೆಲಸದಲ್ಲಿ ಗಟ್ಟಿಗ, ಯಾರ ಮಾತಿಗೂ ಕಿಮ್ಮತ್ತು ಕೊಡಲ್ಲ, ಎಲ್ಲದಕ್ಕೂ ಗೇಲಿ ಅಂದ್ರು. ಅವತ್ತೇ ನಿನಗೆ ಹೇಳಿಕಳಿಸಿದೆ.”

ಜೋಡಿ ಆ ಮುದುಕನ ಕೊರಳಪಟ್ಟಿ ಹಿಡಿದ. ಹಿಡಿದ ಕೈಗೆ ಬಿಸ್ಕತ್ತಿನ ಪುಡಿ, ಸಕ್ಕರೆ, ಎಂಜಲು. ಅಷ್ಟು ಹತ್ತಿರದಿಂದ ಆ ಬಾಯಿ ಕಂಡಿತು. ತೊಳೆದಿಟ್ಟಂಥ ಗುಲಾಬಿ ನಾಲಿಗೆ, ಅದರ ಮೇಲೆ ಅಗಿದ ಬಿಸ್ಕತ್ತು. ಕೈ ತಾನಾಗಿ ಬಿಟ್ಟಿತು. ಯಜಮಾನರು ಅಂಗಿ ಸರಿಮಾಡಿಕೊಂಡು ತಗಡಿನ ಡಬ್ಬಿಯನ್ನೂ ಫ್ಲಾಸ್ಕನ್ನೂ ಅವನ ಮುಂದೆ ತಳ್ಳಿದರು.

“ಸುಡಬೇಡ, ಬಿಸಾಕಬೇಡ. ಇದು ಹೋದ್ರೆ ನಿನಗೆ ದಾರಿನೇ ಇಲ್ಲ. ಅಲಾರಂ ಇಟ್ಕೊ, ಕಾಲು ಗಂಟೆಗೊಂದು ಗುಟುಕು.”

ಹೀಗೆ ಆ ಪೀಡೆ ಅವನ ಚೀಲ ಸೇರಿತು.

ಎರಡು ದಿನ ಬಿಟ್ಟು ಅವನು ತನ್ನ ಹಳೆಯ ಕಾರ್ಖಾನೆಗೆ ಹೋದ. ಹೋದದ್ದು ಯಾಕೆ ಎಂದು ತನಗೆ ತಾನೇ ಹೇಳಿಕೊಳ್ಳಲಿಲ್ಲ. ಅಲ್ಲಿ ಗರಗಸದ ಮೆಷಿನ್ನಿನ ಗೆಳೆಯನೊಬ್ಬನಿದ್ದ, ಬಾಯಿ ತೆರೆದರೆ ಕುಚೋದ್ಯ. ಜೋಡಿ ಸುರುಳಿಯನ್ನು ತೋರಿಸಿ, ತಗ್ಗಿದ ದನಿಯಲ್ಲಿ, “ಇದನ್ನ ಬಾಯಿಗೆ ಇಡಬಾರ್ದಂತೆ ಕಣೋ, ಮಾಟ ಮಾಡಿದಾರಂತೆ,” ಎಂದ. ಹೇಳುವಾಗ ನಾಲಿಗೆಯ ಅಡಿಯಲ್ಲಿ ಏನೋ ನೀರೂರಿತು. ಗೆಳೆಯ ಬಿದ್ದು ಬಿದ್ದು ನಕ್ಕ. “ಕೊಡಿಲ್ಲಿ, ನನ್ನ ಹೆಂಡತಿ ಅಡುಗೆಗಿಂತ ಚೆನ್ನಾಗಿರಬಹುದು,” ಎಂದು ಸುರುಳಿ ಕಿತ್ತುಕೊಂಡು ನಾಲಿಗೆ ಚಾಚಿದ. ಚಾಚಿದ ನಾಲಿಗೆಗೂ ಪಟ್ಟಿಗೂ ನಡುವೆ ಒಂದು ಬೆರಳು ಜಾಗವಿತ್ತು. ಅವನ ಎರಡು ಮಕ್ಕಳು ಜೋಡಿಯ ಭುಜ ಹತ್ತಿ ಆಡಿದ್ದವು. ಜೋಡಿ ಪಟ್ಟಿಯನ್ನು ಕಸಿದುಕೊಂಡು ಬೀದಿಗೆ ಬಂದ. ಮೋರಿಯ ಪಕ್ಕ ಕೂತು ವಾಂತಿ ಮಾಡಿದ. ತನ್ನ ಮೇಲೆ ತನಗೇ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಅವತ್ತು ಎರಡು ಆಣೆ ಇಟ್ಟುಕೊಂಡ. ಇನ್ನು ಯಾರಿಗೂ ಇದನ್ನು ಹೇಳುವುದಿಲ್ಲ. ಹೆಂಡತಿಗಂತೂ ಸತ್ತರೂ ಹೇಳುವುದಿಲ್ಲ. ಯಾಕೆಂದರೆ ಅವನಿಗೆ ಗೊತ್ತಿದ್ದವರಲ್ಲೆಲ್ಲ ಇಂಥ ಮಾತಿಗೆ ಮೊದಲು ನಗುವವಳು, ನಕ್ಕು ಮುಂದೆ ಕೈಹಾಕುವವಳು ಅವಳೇ. ಡಬ್ಬಿಯನ್ನು ಬೀರುವಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಇಟ್ಟ.

ಎರಡು ತಿಂಗಳು ಕಳೆದವು. ಬಿಸಿನೀರು ಅವನನ್ನು ಉಳಿಸಿತು, ಉಳಿಸಿದ್ದು ಪ್ರಾಣವೊಂದನ್ನೇ. ಕಾಲು ಗಂಟೆ ಇದ್ದದ್ದು ಹತ್ತು ನಿಮಿಷಕ್ಕೆ ಬಂತು. ವಸಡು ಹಳದಿಯಾಗಿ ಹಲ್ಲಿನ ಮೇಲೆ ಇಳಿಯುತ್ತಿತ್ತು. ಬಿಸಿಲಲ್ಲಿ ನಿಂತರೆ ನೊಣಗಳು ತುಟಿಗೆ ಬಂದು ಕೂತು, ಏಳಲಾರದೆ, ಅಲ್ಲೇ ರೆಕ್ಕೆ ಬಡಿದು ಸಾಯುತ್ತಿದ್ದವು. ಅವನ್ನು ಕಿತ್ತು ತೆಗೆಯುವಾಗ ಕಾಲುಗಳು ತುಟಿಯಲ್ಲೇ ಉಳಿಯುತ್ತಿದ್ದವು. ಹೆಂಡತಿ ಸೋಫಾದ ಮೇಲೆ ಮಲಗತೊಡಗಿದ್ದಳು, ಅವನ ಅಲಾರಂ ಕಾಟಕ್ಕೆ. ನಗು ಕಡಿಮೆಯಾಗಿತ್ತು. ಒಮ್ಮೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದು ಕೇಳಿಸಿತು.

ಅವತ್ತು ಭಾನುವಾರ ಮಧ್ಯಾಹ್ನ. ಹೆಂಡತಿ ಊಟದ ಮೇಜಿನ ಮೇಲೆ ತಂಗಿಗೆ ಕಳಿಸಲು ಪುಸ್ತಕಗಳ ಪಾರ್ಸೆಲ್ ಕಟ್ಟುತ್ತಿದ್ದಳು. ಪಕ್ಕದ ತಟ್ಟೆಯಲ್ಲಿ ಬ್ರೆಡ್ಡು, ಸುಲಿದ ಬಾಳೆಹಣ್ಣು. ಜೋಡಿ ಫ್ಲಾಸ್ಕು ಹಿಡಿದು ಅಡುಗೆಮನೆಯಿಂದ ಬಂದ. ಮೇಜಿನ ಮೇಲೆ ತಗಡಿನ ಡಬ್ಬಿ ತೆರೆದಿತ್ತು. ಅವಳ ಕೈಯಲ್ಲಿ ಸುರುಳಿ.

“ಟೇಪ್ ಹುಡುಕಿ ಹುಡುಕಿ ಸಾಕಾಯ್ತು. ಬೀರು ಮೇಲೆ ಯಾಕೆ ಬಚ್ಚಿಟ್ಟಿದೀಯ ಇದನ್ನ?” ಎಂದಳು. ಒಂದು ಗೇಣು ಎಳೆದು ಬಾಯಿಯ ಕಡೆಗೆ ಎತ್ತಿದಳು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳದೇ ನೆಕ್ಕಿದವರಿಗೆ ಅದು ಬರೀ ಕಾಗದ, ಬರೀ ಅಂಟು. ಅವಳು ನೆಕ್ಕಿ, ಪಾರ್ಸೆಲ್‌ಗೆ ಹಚ್ಚಿ, ಕೈ ತೊಳೆದುಕೊಂಡು ಏಳುತ್ತಿದ್ದಳು. ಇದು ಅವನಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

“ಬೇಡ,” ಎಂದಿತು ಅವನ ಬಾಯಿ. “ಬಾಯಿಗೆ ಇಡಬೇಡ ಅದನ್ನ.”

ಅದು ಪ್ರೀತಿಯಿಂದ ಹೊರಟ ಮಾತೋ, ಆ ಕೊಳೆತ ಬಾಯಿ ತನ್ನ ದಾರಿಯನ್ನು ತಾನೇ ಹುಡುಕಿಕೊಂಡಿತೋ. ಆಮೇಲೆ ಎಷ್ಟು ಸಲ ಯೋಚಿಸಿದರೂ ಅವನಿಗೆ ಅದು ಬಗೆಹರಿಯಲಿಲ್ಲ.

ಅವಳು ಕೈ ಇಳಿಸಿದಳು. ಅವನ ಮುಖ ನೋಡಿದಳು. “ಇದೇನಾ? ನಿನ್ನ ಕಾಯಿಲೆಗೂ ಇದಕ್ಕೂ ಏನೋ ಇದೆ ಅಲ್ವಾ? ಹೇಳು.”

“ಏನಿಲ್ಲ. ಕೊಡು ಇಲ್ಲಿ.”

“ಮೂರು ತಿಂಗಳಿಂದ ನಾನು ಮನುಷ್ಯರ ಥರ ನಿದ್ದೆ ಮಾಡಿಲ್ಲ. ಹೇಳ್ತೀಯೋ ಇಲ್ವೋ?”

ಅವನು ಹೇಳಿದ. ಒಂದು ಸಲ ಶುರುವಾದ ಮೇಲೆ ನಿಲ್ಲಲಿಲ್ಲ. ಅಂಟಿನಮ್ಮ, ಕೊಪ್ಪರಿಗೆ, ಐದು ಜನ, ಯಜಮಾನರು, ಬಿಸ್ಕತ್ತು. ನಡುನಡುವೆ ಬಿಸಿನೀರು ಕುಡಿದು ಎಳೆ ಕತ್ತರಿಸಿಕೊಂಡು ಹೇಳಿದ. ಎಚ್ಚರಿಕೆ ಕೇಳಿ ನಕ್ಕವರಿಗೆ ಮಾತ್ರ ಹತ್ತುತ್ತದೆ ಎನ್ನುವುದನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ, ತಾನು ಕೊಡುತ್ತಿರುವುದು ಎಚ್ಚರಿಕೆಯೇ, ಒಂದೂ ಬಿಡದಂತೆ ಪೂರ್ತಿ ಎಚ್ಚರಿಕೆ ಎಂದು ಅವನಿಗೆ ಅರಿವಾಯಿತು. ಆಗಲೂ ಅವನು ನಿಲ್ಲಿಸಲಿಲ್ಲ.

ಅವಳು ಪೂರ್ತಿ ಕೇಳಿದಳು. ಮೊದಲು ಕಣ್ಣಲ್ಲಿ ನೀರು ತುಂಬಿತು. ಆಮೇಲೆ ತುಟಿಯ ಕೊನೆ ಅಲುಗಿತು. ಆ ಹಳೆಯ ನಗು, ಸಾವಿನ ಮನೆಯಿಂದ ಅವನ ಜೊತೆ ಓಡಿಬಂದ ನಗು, ಮೂರು ತಿಂಗಳ ಮೇಲೆ ಮನೆಯಲ್ಲಿ ಕೇಳಿಸಿತು.

“ಅಯ್ಯೋ ಹುಚ್ಚಪ್ಪ, ಇಷ್ಟೇನಾ?” ಎಂದಳು. “ಒಬ್ಬ ಮುದುಕ ಹೆದರಿಸಿದ್ದಕ್ಕೆ ಅನ್ನ ನೀರು ಬಿಟ್ಟು ಒಣಗ್ತಾ ಇದೀಯಾ? ನಮ್ಮ ಲ್ಯಾಬಲ್ಲಿ ನಾನು ಏನೇನು ಮುಟ್ಟಿಲ್ಲ? ನೋಡ್ತಿರು. ನಿನ್ನ ಕಣ್ಣೆದುರಿಗೇ ನೆಕ್ತೀನಿ. ನನಗೇನೂ ಆಗಲ್ಲ, ಆಗ ನಿನ್ನ ತಲೆಯಿಂದ ಇದು ಇಳಿಯುತ್ತೆ.”

ಪಟ್ಟಿಯನ್ನು ಎತ್ತಿದಳು.

ಮೇಜು ಎರಡು ಅಡಿ ಅಗಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಗೆಳೆಯನ ಕೈಯಿಂದ ಕಸಿದುಕೊಂಡ ಕೈ ಇದೇ. ಅವಳ ನಾಲಿಗೆ ಹೊರಬಂತು. ಒಂದು ಉಸಿರಿನ ಹೊತ್ತು. ಅವನು ಕೈ ಎತ್ತಬೇಕಿತ್ತು. ಕೈ ಇತ್ತು. ಎತ್ತಬೇಕೆಂದು ಗೊತ್ತಿತ್ತು. ಬಾಯೊಳಗೆ ತೊಗಲು ಕುದಿಯುತ್ತಿತ್ತು. ಅವನು ಅವಳ ನಾಲಿಗೆಯನ್ನೇ ನೋಡಿದ. ರೆಪ್ಪೆ ಬಡಿಯಲಿಲ್ಲ. ಕೈ ಫ್ಲಾಸ್ಕಿನ ಮೇಲೆಯೇ ಇತ್ತು.

ಅವಳು ಆ ತುದಿಯಿಂದ ಈ ತುದಿಯವರೆಗೆ ನೆಕ್ಕಿದಳು. ಪಾರ್ಸೆಲ್‌ಗೆ ಹಚ್ಚಿ, ಅಂಗೈಯಿಂದ ತಟ್ಟಿದಳು. “ಆಯ್ತಾ?” ಎಂದಳು.

ಅವನ ನಾಲಿಗೆಯ ಬುಡ ಸಡಿಲವಾಯಿತು. ಏನೋ ಕಳಚಿ ಜಾರಿತು. ಬಾಯಿ ತುಂಬ ತಿಳಿಯಾದ, ತೆಳುವಾದ ಎಂಜಲು ಊರಿತು. ಅದನ್ನು ನುಂಗಿದ. ಏನೂ ರುಚಿಯಿಲ್ಲ. ಏನೂ ರುಚಿಯಿಲ್ಲದ್ದು ಅಷ್ಟು ಸಿಹಿ ಎಂದು ಅವನಿಗೆ ಗೊತ್ತಿರಲಿಲ್ಲ. ಹೂಜಿಯಿಂದ ತಣ್ಣೀರು ಬಗ್ಗಿಸಿಕೊಂಡು ಕುಡಿದ. ಇನ್ನೊಂದು ಲೋಟ ಕುಡಿದ. ಬಾಳೆಹಣ್ಣು ಎತ್ತಿಕೊಂಡ. ಬ್ರೆಡ್ಡು ಹರಿದು ತುರುಕಿಕೊಂಡ. ಗೋಧಿಯ ವಾಸನೆ, ಉಪ್ಪು, ಹಣ್ಣಿನ ಮೆತ್ತನೆ, ಎಲ್ಲ ಒಟ್ಟಿಗೆ. ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಕೈ ಮಾತ್ರ ತಟ್ಟೆಗೂ ಬಾಯಿಗೂ ಓಡಾಡುತ್ತಿತ್ತು.

“ನೋಡಿದೆಯಾ, ನಾನು ಹೇಳಲಿಲ್ವಾ,” ಎಂದು ಅವಳು ಸಂತೋಷದಿಂದ ಅವನ ತಲೆ ಸವರಿದಳು. “ತಿನ್ನು. ನಿಧಾನ, ಗಂಟಲಿಗೆ ಸಿಕ್ಕೀತು.”

ಸ್ವಲ್ಪ ಹೊತ್ತು ಅವಳು ನಗುತ್ತಾ ನೋಡುತ್ತಿದ್ದಳು. ಆಮೇಲೆ ನಾಲಿಗೆಯನ್ನು ಹಲ್ಲುಗಳ ಮೇಲೆ ಒಮ್ಮೆ ಆಡಿಸಿದಳು. ಹುಬ್ಬು ಗಂಟಿಕ್ಕಿತು. ಲೋಟದ ನೀರು ಒಂದು ಗುಟುಕು ಕುಡಿದು, ಲೋಟವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

“ಈ ನೀರು ಯಾಕೋ ಒಂಥರಾ ಇದೆ ಅಲ್ವೇನೋ?” ಎಂದಳು.

ಅವನು ತಲೆ ಎತ್ತಲಿಲ್ಲ. ಬಾಯಿ ತುಂಬ ಬ್ರೆಡ್ಡಿತ್ತು, ಅದನ್ನು ಅಗಿಯುತ್ತಲೇ ಇದ್ದ.